ಒಂದೇ ಆರೋಪಕ್ಕೆ ಎರಡು ತಕ್ಕಡಿ

ಪ್ರಶ್ನೆ: ಮೈಗೆ ಮಟ್ಟಿ ಬಳಿದುಕೊಂಡ ನಮ್ಮ ಗರಡಿಮನೆಯ ಹುಡುಗರು ಕೇಳುತ್ತಾರೆ: 762 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದ ಬೇಸ್‌ಬಾಲ್ ಆಟಗಾರ ಬ್ಯಾರಿ ಬಾಂಡ್ಸ್‌ಗೆ ಪತ್ರಕರ್ತರು ಆಟದ ಶ್ರೇಷ್ಠರ ಸಾಲಿಗೆ ಸೇರಿಸುವ ‘ಹಾಲ್ ಆಫ್ ಫೇಮ್’ ಗೌರವ ನೀಡಲಿಲ್ಲವೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದೇಹಬಲ ಹೆಚ್ಚಿಸುವ ಸ್ಟೀರಾಯ್ಡ್ ಮದ್ದಿನ ಸೇವನೆಯ ಆರೋಪವೇ ಮುಖ್ಯ ಕಾರಣ. ಆಯ್ಕೆಗೆ ಪತ್ರಕರ್ತರ ಶೇ 75ರಷ್ಟು ಮತ ಬೇಕು. 2022ರ ಕೊನೆಯ ಅವಕಾಶದಲ್ಲಿ ಬಾಂಡ್ಸ್‌ಗೆ ಬಂದದ್ದು ಶೇ 66. ಆದರೆ 2003ರ ಗೋಪ್ಯ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಪಟ್ಟಿಯಲ್ಲಿದ್ದರೆಂದು ವರದಿಯಾಗಿದ್ದ, ನಗುಮೊಗದಿಂದ ಜನಪ್ರಿಯರಾಗಿದ್ದ ಇನ್ನೊಬ್ಬ ಆಟಗಾರ ಡೇವಿಡ್ ಆರ್ಟಿಜ್ ಅದೇ ವರ್ಷ ಮೊದಲ ಯತ್ನದಲ್ಲೇ ಆಯ್ಕೆಯಾದರು. ಆ ಪಟ್ಟಿಯನ್ನು ಪೂರ್ತಿ ನಂಬಲಾಗದೆಂಬ ವಾದವಿದೆ, ನಿಜ. ಆದರೆ ಪತ್ರಕರ್ತರೊಂದಿಗೆ ಒರಟಾಗಿದ್ದ ಬಾಂಡ್ಸ್‌ಗೆ ಅಂಥ ಔದಾರ್ಯ ಸಿಗಲಿಲ್ಲ. ನನಗೆ ಇನ್ನೂ ಹೆಚ್ಚು ನೋವು ತರುವುದೆಂದರೆ, ಆ ಸ್ಟೀರಾಯ್ಡ್ ಕಾಲದುದ್ದಕ್ಕೂ ಆಟದ ಆಡಳಿತ ನಡೆಸಿದ ಬಡ್ ಸೀಲಿಗ್ ಅವರಿಗೆ 2017ರಲ್ಲಿ ಅದೇ ಗೌರವ ಸಂದಿತು.