ಮ್ಯಾಕ್ರೊ ತುಂಬಿದ ವಿಳಾಸ ಯಾಕೆ ಹೊಂದುತ್ತಿಲ್ಲ?

ನಿಮ್ಮ ರೈತರ ಪಟ್ಟಿಯಲ್ಲಿ ಹೆಸರು, ಊರು, ತಾಲೂಕು ಒಂದೇ ಸೆಲ್‌ನಲ್ಲಿ ಮೂರು ಸಾಲಾಗಿವೆ. ಒಂದು ಶೀಟ್ ಕೈಯಲ್ಲಿ ಟೈಪ್ ಮಾಡಿದ್ದು, ಇನ್ನೊಂದನ್ನು ಮ್ಯಾಕ್ರೊ, ಅಂದರೆ ಎಕ್ಸೆಲ್ ಒಳಗಿನ ಚಿಕ್ಕ ಪ್ರೋಗ್ರಾಂ, ತುಂಬಿದೆ. ನೋಡೋಕೆ ಎರಡೂ ಒಂದೇ, ಆದರೆ ಹೋಲಿಸಿದರೆ ಎಕ್ಸೆಲ್ ಬೇರೆ ಬೇರೆ ಅನ್ನುತ್ತದೆ. ಪ್ರಶ್ನೆ ಇದೇ ಅಲ್ವಾ? ನಾನು ಕಲಬುರಗಿಯ ಒಂದು ದಾಲ್ ಮಿಲ್‌ನ ಲೆಕ್ಕ ನೋಡುತ್ತೇನೆ. ತೊಗರಿ ಸೀಸನ್ ಬಂತೆಂದರೆ ಇಂಥ ಪಟ್ಟಿಗಳೇ ನನ್ನ ಕೆಲಸ.

ತೊಂದರೆ ಇರುವುದು ಮ್ಯಾಕ್ರೊದಲ್ಲಿ ನೀವು ಬಳಸಿದ ವಿಬಿಸಿಆರ್‌ಎಲ್‌ಎಫ್‌ನಲ್ಲಿ. ಅದು (vbCrLf) ಹೊಸ ಸಾಲು ಶುರುಮಾಡುವ ಎರಡು ಅಕ್ಷರಗಳ ಜೋಡಿ, ಅವುಗಳ ಕೋಡ್ ಸಂಖ್ಯೆ 13 ಮತ್ತು 10. ಸೆಲ್‌ಗೆ ಬೇಕಿರುವುದು 10 ಮಾತ್ರ, ಅಂದರೆ ವಿಬಿಎಲ್‌ಎಫ್. ಆಲ್ಟ್ ಎಂಟರ್ ಒತ್ತಿದಾಗ ಎಕ್ಸೆಲ್ ಇಡುವುದೂ ಅದನ್ನೇ. ಜೊತೆಗೆ ಬಂದ 13 ಕಣ್ಣಿಗೆ ಕಾಣದೆ ಅಲ್ಲೇ ಉಳಿಯುತ್ತದೆ. ಅಕ್ಷರ ಎಣಿಸುವ ಲೆನ್ ಫಂಕ್ಷನ್ ಹಾಕಿ ನೋಡಿ, ಮೂರು ಸಾಲಿನ ವಿಳಾಸಕ್ಕೆ ಎರಡು ಅಕ್ಷರ ಜಾಸ್ತಿ ಬರುತ್ತದೆ. ವಿಂಡೋಸ್‌ನಲ್ಲಿ ವಿಬಿನ್ಯೂಲೈನ್ ಕೂಡ ಇದೇ ಜೋಡಿ, ಹಾಗಾಗಿ ಅದೂ ಬೇಡ.

ಇನ್ನೂ ಕಾಡುವುದು ಸಾಲುಗಳನ್ನು ಬೇರೆ ಬೇರೆ ಮಾಡಲು ಸ್ಪ್ಲಿಟ್ ಮಾಡುವಾಗ. ವಿಬಿಎಲ್‌ಎಫ್ ಮೇಲೆ ಒಡೆದರೆ ಊರಿನ ಹೆಸರು 'ನಿಂಬರ್ಗಾ' ಅಂತಲೇ ಕಾಣುತ್ತದೆ, ಆದರೆ ಅದರ ಬಾಲದಲ್ಲಿ 13 ಇರುತ್ತದೆ. ಟ್ರಿಮ್ ಹಾಕಿದರೂ ಹೋಗುವುದಿಲ್ಲ, ಟ್ರಿಮ್ ತೆಗೆಯುವುದು ಬರೀ ಖಾಲಿ ಜಾಗ. ಕ್ಲೀನ್ ಫಂಕ್ಷನ್ ಅನ್ನೂ ದಯವಿಟ್ಟು ಹಾಕಬೇಡಿ. ಅದು 13ರ ಜೊತೆ 10ನ್ನೂ ಅಳಿಸುತ್ತದೆ, ಆಗ ಊರು ತಾಲೂಕು ಅಂಟಿಕೊಂಡು 'ನಿಂಬರ್ಗಾಆಳಂದ' ಆಗಿಬಿಡುತ್ತದೆ. ಸಾವಿರಾರು ಸಾಲಿನ ಪಟ್ಟಿಯಲ್ಲಿ ಅದನ್ನು ಮತ್ತೆ ಬಿಡಿಸುವುದು ಬಹಳ ಕಷ್ಟ.

ಈಗಾಗಲೇ ತುಂಬಿದ ಸೆಲ್‌ಗಳಿಗೆ ಮ್ಯಾಕ್ರೊದಲ್ಲಿ ಹೀಗೆ ಮಾಡಿ (ವಿಬಿಸಿಆರ್ ಅಂದರೆ 13 ಮಾತ್ರ):

ವಿಳಾಸ = ರಿಪ್ಲೇಸ್(ವಿಳಾಸ, ವಿಬಿಸಿಆರ್‌ಎಲ್‌ಎಫ್, ವಿಬಿಎಲ್‌ಎಫ್)
ವಿಳಾಸ = ರಿಪ್ಲೇಸ್(ವಿಳಾಸ, ವಿಬಿಸಿಆರ್, ವಿಬಿಎಲ್‌ಎಫ್)

ಇದೇ ಕ್ರಮದಲ್ಲಿರಲಿ. ತಿರುವುಮುರುವಾದರೆ ಪ್ರತಿ ಸಾಲಿನ ನಡುವೆ ಒಂದು ಖಾಲಿ ಸಾಲು ಬರುತ್ತದೆ. ಮೊದಲು ಫೈಲಿನ ಒಂದು ಕಾಪಿ ಇಟ್ಟುಕೊಳ್ಳಿ.

ಸರಿಮಾಡಿದ ಮೇಲೂ ಎಲ್ಲ ಒಂದೇ ಸಾಲಿನಲ್ಲಿ ಕಂಡರೆ ರ‍್ಯಾಪ್ ಟೆಕ್ಸ್ಟ್ ಆನ್ ಮಾಡಿ. ಮೆಸೇಜ್ ಬಾಕ್ಸ್‌ಗೆ ಯಾವುದನ್ನು ಹಾಕಿದರೂ ನಡೆಯುತ್ತದೆ. ವಿಂಡೋಸ್‌ನ ಟೆಕ್ಸ್ಟ್ ಫೈಲ್ ಬರೆಯುವಾಗ ಮಾತ್ರ ವಿಬಿಸಿಆರ್‌ಎಲ್‌ಎಫ್ ಇರಲಿ, ಅದರ ಜಾಗ ಅದು.

ಇನ್ನೊಂದು ಮಾತು. ಊರಿನ ಹೆಸರುಗಳನ್ನು ಕನ್ನಡದಲ್ಲಿ ಕೋಡ್ ಒಳಗೇ ಬರೆಯಲು ಹೋಗಬೇಡಿ, ಮ್ಯಾಕ್ರೊ ಎಡಿಟರ್‌ನಲ್ಲಿ ಸುಮ್ನೆ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಒಂದು ಶೀಟ್‌ನಲ್ಲಿ ಬರೆದಿಟ್ಟು, ಸೆಲ್‌ನಿಂದ ಓದಿಸಿಕೊಳ್ಳಿ.