ಓದಿದ್ದು ಮರೆತುಹೋಗುತ್ತಾ? ಮೊದಲು ಪುಸ್ತಕ ಮುಚ್ಚಿ

ಪರೀಕ್ಷೆ ಹತ್ತಿರ ಬಂತೆಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತವೆ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ. ಟೈಂಟೇಬಲ್ ಹಾಕಿಕೊಳ್ಳಿ, ಮೊಬೈಲ್ ದೂರ ಇಡಿ ಅಂತೆಲ್ಲ ನಾನು ಹೇಳುವುದಿಲ್ಲ. ಅದು ನಿಮಗೆ ಗೊತ್ತೇ ಇದೆ.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ. ವಿಜ್ಞಾನದ ಪ್ರತಿ ಪಾಠವನ್ನೂ ಮೂರು ಮೂರು ಸಲ ಓದಿದ್ದೇನೆ. ಓದುವಾಗ ಎಲ್ಲ ಬರುತ್ತೆ, ಪರೀಕ್ಷೆಗೆ ಕೂತರೆ ತಲೆ ಖಾಲಿ. ನನಗೆ ಜ್ಞಾಪಕಶಕ್ತಿ ಕಡಿಮೆಯಾ, ಸಾರ್? (ವಿದ್ಯಾರ್ಥಿನಿ, ಹಾವೇರಿ)

ಇಲ್ಲಮ್ಮ. ನಿನ್ನ ಜ್ಞಾಪಕಶಕ್ತಿ ಚೆನ್ನಾಗಿಯೇ ಇದೆ, ಓದುವ ರೀತಿ ಸರಿಯಿಲ್ಲ. ಮೂರನೇ ಸಲ ಓದುವಾಗ ಆ ಪುಟ ನಿನ್ನ ಕಣ್ಣಿಗೆ ಪರಿಚಯ ಆಗಿರುತ್ತದೆ. ಆ ಪರಿಚಯವನ್ನೇ ನೀನು ‘ಬರುತ್ತೆ’ ಅಂದುಕೊಂಡಿದ್ದೀಯ. ಪರೀಕ್ಷೆಯಲ್ಲಿ ಪುಸ್ತಕ ಇರುವುದಿಲ್ಲ, ತಲೆಯೊಳಗಿಂದ ತೆಗೆದು ಬರೆಯಬೇಕು. ಆ ಅಭ್ಯಾಸವನ್ನು ಮನೆಯಲ್ಲಿ ಒಮ್ಮೆಯಾದರೂ ಮಾಡಿದ್ದೀಯಾ?

ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯವನ್ನು ಎರಡು ಸಲ ಓದಿದರು. ಇನ್ನೊಂದು ಗದ್ಯವನ್ನು ಒಮ್ಮೆ ಓದಿ, ಆಮೇಲೆ ನೋಡದೆ ನೆನಪಾದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಸ್ವಲ್ಪ ಜಾಸ್ತಿ ನೆನಪಿತ್ತು. ವಾರ ಬಿಟ್ಟು ಕೇಳಿದಾಗ? ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇ 42, ಬರೆದು ನೋಡಿದ್ದರಲ್ಲಿ ಶೇ 56. ನೀನು ಮೋಸ ಹೋಗುತ್ತಿರುವುದು ಆ ಮೊದಲ ಐದು ನಿಮಿಷದಲ್ಲಿ.

ಈಗ ‘ಜೀವಕ್ರಿಯೆಗಳು’ ಪಾಠ ತೆಗೆದುಕೋ. ಹೃದಯದ ಭಾಗವನ್ನು ಒಂದು ಸಲ ನಿಧಾನವಾಗಿ ಓದು. ಅರ್ಥ ಆಗದಿದ್ದರೆ ಮೊದಲು ಮೇಷ್ಟ್ರನ್ನು ಕೇಳು. ಅರ್ಥ ಆಗದ್ದನ್ನು ಉರು ಹೊಡೆದು ಪ್ರಯೋಜನವಿಲ್ಲ. ಆಮೇಲೆ ಪುಸ್ತಕ ಮುಚ್ಚು. ಒಂದು ರಫ್ ಹಾಳೆಯಲ್ಲಿ ಹೃದಯ ಬರೆದು, ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬಾಣ ಹಾಕು. ಒಂದು ಕಡೆ ಸಿಕ್ಕಿಬೀಳುತ್ತೀಯ. ಅಭಿಧಮನಿ (ಹೃದಯಕ್ಕೆ ರಕ್ತ ತರುವ ನಾಳ) ಅಂದರೆ ಆಮ್ಲಜನಕ ಕಡಿಮೆ ಇರುವ ರಕ್ತ ಅಂತ ಬಹಳ ಮಕ್ಕಳು ಕಣ್ಣುಮುಚ್ಚಿ ಬರೆಯುತ್ತಾರೆ. ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವುದೂ ಅಭಿಧಮನಿಯೇ, ಅದರಲ್ಲಿರುವುದು ಆಮ್ಲಜನಕ ತುಂಬಿದ ರಕ್ತ. ಈಗ ಪುಸ್ತಕ ತೆರೆದು ಕೆಂಪು ಪೆನ್ನಿನಲ್ಲಿ ತಿದ್ದು. ಹೀಗೆ ತಪ್ಪಿ ತಿದ್ದಿಕೊಂಡದ್ದು ಗಟ್ಟಿಯಾಗಿ ಕೂರುತ್ತದೆ. ಹಾಳೆ ತುಂಬ ಕೆಂಪಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡ.

ಅದೇ ದಿನ ಅದನ್ನೇ ಐದು ಸಲ ಬರೆಯಲೂ ಬೇಡ. ನಾಳೆ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ಮುಂದಿನ ವಾರ ಒಮ್ಮೆ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಒಂದೇ ಸಲ ತುರುಕುವುದಕ್ಕಿಂತ ದಿನ ಬಿಟ್ಟು ಕಲಿಯುವುದು ಲೇಸು ಅಂತ 1885ರಲ್ಲೇ ಬರೆದಿಟ್ಟಿದ್ದಾನೆ. ಇಷ್ಟು ವರ್ಷ ಆದರೂ ನಮ್ಮ ಮನೆಗಳಲ್ಲಿ ‘ಇನ್ನೊಂದು ಸಲ ಓದು’ ಅನ್ನುವುದು ನಿಂತಿಲ್ಲ ಅನ್ನುವುದೇ ನನ್ನ ಸಿಟ್ಟು.

ಗಣಿತಕ್ಕೂ ಇದೇ ಮಾತು. ಗೈಡಿನಲ್ಲಿ ಬಿಡಿಸಿಟ್ಟ ಲೆಕ್ಕ ನೋಡಿ ‘ಹ್ಞಾಂ, ಗೊತ್ತಾಯ್ತು’ ಅಂದರೆ ಆಗಲಿಲ್ಲ. ಉತ್ತರ ಮುಚ್ಚಿ ನೀನೇ ಬಿಡಿಸು. ಕನ್ನಡದ ಕಂಠಪಾಠ ಪದ್ಯ ಮಾತ್ರ ಬೇರೆ, ಅದನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಲೇಬೇಕು.

ಪ್ರಶ್ನೆ: ನಾಲ್ಕು ಬಣ್ಣದ ಹೈಲೈಟರ್‌ನಲ್ಲಿ ಗೆರೆ ಎಳೆದರೆ ನೆನಪಿರುತ್ತದಂತೆ?

ಪುಸ್ತಕ ಚೆಂದ ಕಾಣುತ್ತದೆ, ಅಷ್ಟೆ.

ಪ್ರಶ್ನೆ: ಮಗ ರಾತ್ರಿ ಹನ್ನೊಂದೂವರೆಗೆ ಮಲಗುತ್ತಾನೆ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿದರೆ ಓದಿದ್ದು ತಲೆಗೆ ಹತ್ತುತ್ತದೆ ಅಂತಾರೆ, ನಿಜವೇ? (ತಾಯಿ, ತಿಪಟೂರು)

ಎಬ್ಬಿಸಬೇಡಿ ತಾಯಿ. ಆ ವಯಸ್ಸಿಗೆ ಎಂಟು ಗಂಟೆಯಾದರೂ ನಿದ್ದೆ ಬೇಕು. ಹಗಲು ಓದಿದ್ದು ಗಟ್ಟಿಯಾಗುವುದೂ ನಿದ್ದೆಯಲ್ಲೇ. ಒಂಬತ್ತಕ್ಕೆ ಮಲಗಿ ಐದಕ್ಕೆ ಏಳುವುದಾದರೆ ನನ್ನ ತಕರಾರಿಲ್ಲ.

ಪ್ರಶ್ನೆ: ಒಂದೆಲಗ ತಿಂದರೆ ಅಂಕ ಜಾಸ್ತಿ ಬರುತ್ತಾ?

ತಂಬುಳಿ ಮಾಡಿಕೊಂಡು ಊಟ ಮಾಡಿ, ರುಚಿಯಾಗಿರುತ್ತದೆ. ಅಂಕಕ್ಕೆ ಓದಬೇಕು.

ಪ್ರಶ್ನೆ: ನಮ್ಮೂರಿನಲ್ಲಿ ‘ಮಿಡ್‌ಬ್ರೈನ್ ಆಕ್ಟಿವೇಷನ್’ ಶಿಬಿರ ಇದೆ. ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದಿದ್ದನ್ನು ನಾನೇ ನೋಡಿದೆ. ಫೀಸು ಇಪ್ಪತ್ತು ಸಾವಿರ. ಸೇರಿಸಲೇ? (ತಂದೆ, ದಾವಣಗೆರೆ)

ಬೇಡವೇ ಬೇಡ. ಇದು ಹಾಡಹಗಲೇ ನಡೆಯುವ ಮೋಸ. ಮಿಡ್‌ಬ್ರೈನ್ ಅನ್ನುವ ಮೆದುಳಿನ ಭಾಗ ನಿಮ್ಮ ಮಗುವಿನಲ್ಲಿ ಹುಟ್ಟಿದಾಗಿನಿಂದಲೇ ಕೆಲಸ ಮಾಡುತ್ತಿದೆ, ಅದನ್ನು ಯಾರೂ ಎಬ್ಬಿಸಬೇಕಾಗಿಲ್ಲ. ಮಕ್ಕಳು ಓದುವುದು ಮೂಗಿನ ಪಕ್ಕ ಬಟ್ಟೆ ಕೂರದೆ ಉಳಿದ ಸಂದಿಯಿಂದ. ಆ ಸಂದಿಗೆ ಹತ್ತಿ ತುಂಬಿ, ಪುಸ್ತಕವನ್ನು ಹಣೆಯ ಎತ್ತರಕ್ಕೆ ಹಿಡಿದು ಓದಿಸಿ ನೋಡಿ, ಒಂದಕ್ಷರ ಬರುವುದಿಲ್ಲ. ಹಣಕ್ಕಿಂತ ನನಗೆ ಸಂಕಟವಾಗುವುದು ಬೇರೆಯೇ. ದೊಡ್ಡವರೆದುರು ಸುಳ್ಳು ಹೇಳಿ ಚಪ್ಪಾಳೆ ಗಿಟ್ಟಿಸುವುದನ್ನು ಆ ಮಗು ಕಲಿಯುತ್ತದೆ. ಬೆರಳಚ್ಚು ನೋಡಿ ‘ನಿಮ್ಮ ಮಗನಿಗೆ ಕಾಮರ್ಸ್ ಆಗುತ್ತೆ’ ಅನ್ನುವವರನ್ನೂ ಬಾಗಿಲಿನಿಂದಲೇ ಕಳಿಸಿ. ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಪ್ರಿಂಟ್ ತೆಗೆಸಿ, ಗಡಿಯಾರ ಎದುರಿಗಿಟ್ಟು ಬರೆಸಿ.