ಡ್ರೈಯರ್‌ಗಿಂತ ಮೊದಲು ನೀರು ನೋಡಿ

ನಮಸ್ಕಾರ. ನಿಮ್ಮದು ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆ, ನಾಲ್ಕು ಜನ, ಕೊಳವೆಬಾವಿ ನೀರು. ಫ್ರಂಟ್ ಲೋಡ್ ವಾಷಿಂಗ್ ಮಷಿನ್ ಜೊತೆ ಡ್ರೈಯರ್ ಕೂಡ ಬೇಕೇ ಎಂದು ಕೇಳಿದ್ದೀರಿ. ತಾರಸಿಯಲ್ಲಿ ಹಗ್ಗ ಕಟ್ಟಲು ಜಾಗವಿದ್ದರೆ ಬೇಡ ಎನ್ನುತ್ತೇನೆ. ಮೈಸೂರಿನ ಬಿಸಿಲಿಗೆ ವಿದ್ಯುತ್ ಬಿಲ್ ಬರುವುದಿಲ್ಲ. ಮಳೆಗಾಲಕ್ಕೆ ನಿಮಿಷಕ್ಕೆ 1200 ಅಥವಾ 1400 ಸುತ್ತು ತಿರುಗಿ ಹಿಂಡುವ ಮಷಿನ್ ಇದ್ದರೆ ಸಾಕು. ರಾತ್ರಿ ಫ್ಯಾನ್ ಕೆಳಗೆ ಹರವಿದ ತೆಳು ಬಟ್ಟೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ಜೀನ್ಸ್ ಮಾತ್ರ ಸತಾಯಿಸುತ್ತದೆ.

ಒಗೆದು ಒಣಗಿಸುವ ಎರಡೂ ಕೆಲಸವನ್ನು ಒಂದೇ ಯಂತ್ರ ಮಾಡುತ್ತದೆ ಎಂದರೆ ಮರುಳಾಗಬೇಡಿ. 8 ಕೆ.ಜಿ. ಒಗೆಯುವ ಯಂತ್ರ ಸಾಮಾನ್ಯವಾಗಿ 5 ಕೆ.ಜಿ.ಯಷ್ಟನ್ನೇ ಒಣಗಿಸುತ್ತದೆ. ಉಳಿದ ಒದ್ದೆ ಬಟ್ಟೆಯನ್ನು ನೀವೇ ಹೊರಗೆ ತೆಗೆಯಬೇಕು. ಅಂಗಡಿಯವರು ದೊಡ್ಡ ಅಂಕಿಯನ್ನಷ್ಟೇ ತೋರಿಸುತ್ತಾರೆ.

ನಿಮ್ಮ ನಿಜವಾದ ತಲೆನೋವು ಕೊಳವೆಬಾವಿ. ಗಡಸು ನೀರಿನ ಸುಣ್ಣ ಮಷಿನ್ ಒಳಗಿನ ಹೀಟರ್ ಮೇಲೆ ಪೊರೆಗಟ್ಟುತ್ತದೆ. ಮೂರು ವರ್ಷ ಅಸಡ್ಡೆ ಮಾಡಿ ನಾನು ಹೀಟರನ್ನೇ ಬದಲಿಸಬೇಕಾಯಿತು. ಈಗ ಎರಡು ತಿಂಗಳಿಗೊಮ್ಮೆ ಖಾಲಿ ಡ್ರಮ್‌ಗೆ ಸುಣ್ಣ ಕರಗಿಸುವ ಪುಡಿ ಹಾಕಿ ಬಿಸಿನೀರಿನಲ್ಲಿ ಓಡಿಸುತ್ತೇನೆ. ನಿಮ್ಮ ಮನೆಗೆ ಕಾವೇರಿ ಅಥವಾ ಕಬಿನಿ ನೀರು ಬರುವುದಾದರೆ ಮಷಿನ್‌ಗೆ ಆ ನಲ್ಲಿಯನ್ನೇ ಜೋಡಿಸಿ. ಟ್ಯಾಂಕ್ ತೀರಾ ತಗ್ಗಿನಲ್ಲಿದ್ದರೆ ನೀರಿನ ಒತ್ತಡ ಸಾಲದು. ಕೊಳ್ಳುವ ಮೊದಲೇ ಪರೀಕ್ಷಿಸಿ.

16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಇರಲಿ. ಒಗೆದ ಮೇಲೆ ಬಾಗಿಲ ರಬ್ಬರ್ ಒರೆಸಿ, ಬಾಗಿಲನ್ನು ಸ್ವಲ್ಪ ತೆರೆದಿಡಿ. ಇಲ್ಲದಿದ್ದರೆ ಮುಗ್ಗಲು ವಾಸನೆ ಬಟ್ಟೆಗೂ ಹತ್ತುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಬಟ್ಟೆ ಹಾಕುವ ಮೊದಲು ಡ್ರಮ್ಮಿನೊಳಗೆ ಒಮ್ಮೆ ಇಣುಕಿ ನೋಡಿ.